ಎಡಗಡೆ ನೋವಿಗೂ ಅಪೆಂಡಿಕ್ಸ್ ಕಾರಣ ಇರಬಹುದು: ಕರುಳಿನ ಜಾಗ ಬದಲಾದವರಲ್ಲಿ ರೋಗ ಪತ್ತೆ ಹೇಗೆ?

ಹೊಟ್ಟೆಯ ಬಲಗಡೆ ಕೆಳಗೆ ಜೋರು ನೋವು ಬಂತು ಅಂದರೆ, ಡಾಕ್ಟರ ಹತ್ತಿರ ಹೋಗುವ ಮೊದಲೇ ಮನೆಯವರು 'ಅಪೆಂಡಿಕ್ಸ್ ಇರಬೇಕು' ಅಂದುಬಿಡುತ್ತಾರೆ. ಅಷ್ಟು ಪ್ರಸಿದ್ಧವಾದ ಜಾಗ ಅದು. ಅದೇ ನೋವು ಎಡಗಡೆ ಬಂದರೆ ಗ್ಯಾಸ್, ಮಲಬದ್ಧತೆ, ಕಿಡ್ನಿ ಕಲ್ಲು ಅಂತ ಹತ್ತು ಹೆಸರು ಕೇಳಿಬರುತ್ತವೆ. ಅಪೆಂಡಿಕ್ಸ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಬಹುಪಾಲು ಸಲ ಅದು ಸರಿಯೇ. ಆದರೆ ಕೆಲವರ ಹೊಟ್ಟೆಯೊಳಗೆ ಕರುಳು ಎಲ್ಲರಂತೆ ಕೂತಿರುವುದಿಲ್ಲ. ಅಂಥವರಿಗೆ ಅಪೆಂಡಿಸೈಟಿಸ್, ಅಂದರೆ ಅಪೆಂಡಿಕ್ಸ್ ಊತ, ಆದಾಗ ನೋವು ಎಡಗಡೆ ಬರಬಹುದು, ಪಕ್ಕೆಲುಬಿನ ಕೆಳಗೆ ಬರಬಹುದು, ಹೊಟ್ಟೆಯ ನಡುವೆಯೇ ನಿಂತುಬಿಡಬಹುದು. ತಮಾಷೆ ಏನೆಂದರೆ, ಅವರಲ್ಲಿ ಜಾಸ್ತಿ ಜನರಿಗೆ ತಮ್ಮ ಕರುಳು ಬೇರೆ ಥರ ಇದೆ ಅನ್ನುವುದೇ ಗೊತ್ತಿರುವುದಿಲ್ಲ.

ಬಲಗಡೆಯ ಈ ಲೆಕ್ಕ ಗಟ್ಟಿಯಾಗಿದ್ದು 19ನೇ ಶತಮಾನದ ಕೊನೆಯಲ್ಲಿ. 1886ರಲ್ಲಿ ಅಮೆರಿಕದ ವೈದ್ಯ ರೆಜಿನಾಲ್ಡ್ ಫಿಟ್ಜ್ ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿ ಅಪೆಂಡಿಸೈಟಿಸ್ ಅಂತ ಹೆಸರಿಟ್ಟರು. 1889ರಲ್ಲಿ ನ್ಯೂಯಾರ್ಕಿನ ಸರ್ಜನ್ ಚಾರ್ಲ್ಸ್ ಮ್ಯಾಕ್‌ಬರ್ನಿ, ಒತ್ತಿದರೆ ಅತಿ ಹೆಚ್ಚು ನೋಯುವ ಬಿಂದು ಯಾವುದು ಎಂದು ಹೇಳಿದರು. ಬಲ ಸೊಂಟದ ಮೂಳೆಯ ಮುಂದಿನ ತುದಿಯಿಂದ ಹೊಕ್ಕುಳಿಗೆ ಒಂದು ಗೆರೆ ಎಳೆಯಿರಿ. ಮೂಳೆಯ ಕಡೆಯಿಂದ ಸುಮಾರು ಮೂರನೇ ಒಂದು ಭಾಗ ದಾಟಿದರೆ ಆ ಬಿಂದು ಸಿಗುತ್ತದೆ. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಇದನ್ನು ಕಲಿಯುತ್ತಾರೆ. ಒಳ್ಳೆಯ ಗುರುತೇ. ಆದರೆ ದೊಡ್ಡ ಕರುಳಿನ ಮೊದಲ ಭಾಗ ತನ್ನ ಮಾಮೂಲಿ ಜಾಗದಲ್ಲೇ ಇದೆ ಎಂದು ಒಪ್ಪಿಕೊಂಡರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಆ ಮೊದಲ ಭಾಗದ ಹೆಸರು ಸೀಕಮ್. ಸಣ್ಣ ಕರುಳು ಬಂದು ದೊಡ್ಡ ಕರುಳಿಗೆ ಸೇರುವ ಕಡೆ ಇರುವ ಚೀಲದಂಥ ಭಾಗ ಇದು. ಅಪೆಂಡಿಕ್ಸ್ ಇದಕ್ಕೆ ಅಂಟಿಕೊಂಡಿರುವ ಸಣ್ಣ ಕೊಳವೆ. ಬುಡ ಸೀಕಮ್ಮಿಗೆ ಭದ್ರವಾಗಿ ಸೇರಿರುತ್ತದೆ, ತುದಿ ಸಡಿಲವಾಗಿರುತ್ತದೆ. ಸಾಮಾನ್ಯವಾಗಿ ಇದರ ಉದ್ದ 6ರಿಂದ 9 ಸೆಂಟಿಮೀಟರ್. ಕೆಲವರಲ್ಲಿ 2 ಸೆಂಟಿಮೀಟರ್ ಮಾತ್ರ, ಅಪರೂಪಕ್ಕೆ 20 ದಾಟುವುದೂ ಉಂಟು. ಸೀಕಮ್ ಎಲ್ಲಿಗೆ ಹೋದರೆ ಅಪೆಂಡಿಕ್ಸ್ ಅಲ್ಲಿಗೆ. ಹಾಗಾಗಿ ನಿಜವಾದ ಪ್ರಶ್ನೆ ಅಪೆಂಡಿಕ್ಸ್ ಎಲ್ಲಿದೆ ಅನ್ನುವುದಲ್ಲ, ಸೀಕಮ್ ಎಲ್ಲಿ ಹೋಗಿ ಕೂತಿದೆ ಅನ್ನುವುದು.

ಹುಟ್ಟುವ ಮೊದಲೇ ಆಗುವ ಎಡವಟ್ಟು

ಕರುಳು ಮೊದಲಿನಿಂದ ಈಗಿರುವ ಜಾಗದಲ್ಲಿ ಬೆಳೆಯುವುದಿಲ್ಲ. ಗರ್ಭದಲ್ಲಿ ಸುಮಾರು ಆರನೇ ವಾರದಲ್ಲಿ ಅದು ಹೊಟ್ಟೆಯಲ್ಲಿ ಹಿಡಿಸದಷ್ಟು ಉದ್ದವಾಗುತ್ತದೆ. ಆಗ ಮಧ್ಯಭಾಗದ ಕರುಳು ಹೊಕ್ಕುಳಬಳ್ಳಿಯೊಳಗೆ ಹೊರಚಾಚಿ, ಅಲ್ಲಿ ಬೆಳೆಯುತ್ತಲೇ ತಿರುಗುತ್ತದೆ. ಸುಮಾರು ಹತ್ತನೇ ವಾರಕ್ಕೆ ಹೊಟ್ಟೆಯೊಳಗೆ ವಾಪಸ್ ಬರುವಾಗ ಇನ್ನಷ್ಟು ತಿರುಗುತ್ತದೆ. ಮುಂದಿನಿಂದ ನೋಡಿದರೆ ಒಟ್ಟು 270 ಡಿಗ್ರಿ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ. ಕರುಳಿಗೆ ರಕ್ತ ತರುವ ಒಂದು ದೊಡ್ಡ ರಕ್ತನಾಳವೇ ಈ ತಿರುಗಾಟಕ್ಕೆ ಅಚ್ಚು. ಸೀಕಮ್ ಕೊನೆಗೆ ಒಳಗೆ ಬಂದು, ಬಲಗಡೆ ಕೆಳಗಿಳಿದು, ಹೊಟ್ಟೆಯ ಹಿಂಗೋಡೆಗೆ ಅಂಟಿಕೊಳ್ಳುತ್ತದೆ.

ಈ ಪಯಣ ಎಲ್ಲಿ ನಿಂತಿತು ಅನ್ನುವುದರ ಮೇಲೆ ಮುಂದಿನ ಕಥೆಯೆಲ್ಲ ನಿಂತಿದೆ. ಮೊದಲ 90 ಡಿಗ್ರಿಯಲ್ಲೇ ತಿರುಗುವುದು ನಿಂತರೆ ಸಣ್ಣ ಕರುಳೆಲ್ಲ ಬಲಗಡೆ, ದೊಡ್ಡ ಕರುಳೆಲ್ಲ ಎಡಗಡೆ ಉಳಿಯುತ್ತದೆ. ಇದನ್ನು ನಾನ್‌ರೊಟೇಶನ್ ಅನ್ನುತ್ತಾರೆ. ಇಂಥವರ ಅಪೆಂಡಿಕ್ಸ್ ಎಡಗಡೆಯೋ ನಡುಭಾಗದಲ್ಲೋ ಇರುತ್ತದೆ. ತಿರುಗುವುದು ಪೂರ್ತಿಯಾಗಿ ಸೀಕಮ್ ಕೆಳಗಿಳಿಯದೆ ಹೋದರೆ ಅದು ಲಿವರ್ ಕೆಳಗೇ ಉಳಿಯುತ್ತದೆ. ಕೆಳಗಿಳಿದರೂ ಗೋಡೆಗೆ ಅಂಟಿಕೊಳ್ಳದಿದ್ದರೆ ಸೀಕಮ್ ಹೊಟ್ಟೆಯೊಳಗೆ ಅತ್ತಿತ್ತ ಸರಿದಾಡುತ್ತದೆ. ಇವತ್ತು ಇಲ್ಲಿ, ನಾಳೆ ಅಲ್ಲಿ.

ಕರುಳು ಸರಿಯಾಗಿ ತಿರುಗದ ಸ್ಥಿತಿಗೆ ಒಟ್ಟಾರೆ ಹೆಸರು ಮಾಲ್‌ರೊಟೇಶನ್. ಸುಮಾರು 500 ಶಿಶುಗಳಲ್ಲಿ ಒಂದಕ್ಕೆ ಇದು ಇರುತ್ತದೆ ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ತೊಂದರೆ ಕೊಡುವುದಾದರೆ ಹೆಚ್ಚಾಗಿ ಹುಟ್ಟಿದ ಮೊದಲ ತಿಂಗಳಲ್ಲೇ ಕೊಡುತ್ತದೆ. ಆಗ ಸುಮ್ಮನಿದ್ದರೆ ಹಲವರಲ್ಲಿ ಜೀವನಪೂರ್ತಿ ಸುಮ್ಮನಿರುತ್ತದೆ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗಲೇ ಅದು ಕಣ್ಣಿಗೆ ಬೀಳುವುದು.

ಇದಕ್ಕಿಂತ ಬೇರೆಯದು ಸೈಟಸ್ ಇನ್ವರ್ಸಸ್. ಇಲ್ಲಿ ತಿರುಗುವುದು ಅರ್ಧಕ್ಕೆ ನಿಂತಿರುವುದಿಲ್ಲ. ಎಲ್ಲವೂ ಸರಿಯಾಗಿಯೇ ಆಗಿರುತ್ತದೆ, ಆದರೆ ಕನ್ನಡಿಯಲ್ಲಿ ಕಂಡ ಹಾಗೆ. ಹೃದಯ ಬಲಕ್ಕೆ, ಲಿವರ್ ಎಡಕ್ಕೆ, ಅಪೆಂಡಿಕ್ಸ್ ಎಡಕ್ಕೆ. ಸುಮಾರು 10,000 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ. ವೈದ್ಯರು ವರದಿ ಮಾಡಿರುವ ಎಡಗಡೆ ಅಪೆಂಡಿಸೈಟಿಸ್ ಪ್ರಕರಣಗಳಲ್ಲಿ ಜಾಸ್ತಿ ಇಂಥವರದ್ದು, ಎರಡನೇ ಸ್ಥಾನ ಮಾಲ್‌ರೊಟೇಶನ್‌ನದ್ದು.

ಇಷ್ಟು ದೊಡ್ಡ ಅದಲುಬದಲು ಇಲ್ಲದಿದ್ದರೂ ಜಾಗ ಬದಲಾಗುತ್ತದೆ. 1933ರಲ್ಲಿ ಸೆಸಿಲ್ ವೇಕ್ಲಿ 10,000 ಅಪೆಂಡಿಕ್ಸ್‌ಗಳ ಲೆಕ್ಕ ಪ್ರಕಟಿಸಿದರು. ಸುಮಾರು 65% ಸೀಕಮ್ಮಿನ ಹಿಂದೆ ಅಡಗಿದ್ದವು, ಸುಮಾರು 31% ಕೆಳಗೆ ಸೊಂಟದ ಗುಳಿಯೊಳಗೆ ಇಳಿಬಿದ್ದಿದ್ದವು. ನಂತರದ ಅಧ್ಯಯನಗಳಲ್ಲಿ ಈ ಪ್ರಮಾಣ ಸಾಕಷ್ಟು ಏರುಪೇರಾಗಿದೆ, ಅದು ಬೇರೆ ಮಾತು. ಸೀಕಮ್ ಸರಿಯಾದ ಜಾಗದಲ್ಲಿದ್ದವರಲ್ಲೂ ಅಪೆಂಡಿಕ್ಸ್ ತುದಿ ಒಂದೇ ಕಡೆ ಇರುವುದಿಲ್ಲ ಅನ್ನುವುದಕ್ಕೆ ಇಷ್ಟು ಸಾಕು. ತುಂಬಾ ಉದ್ದದ ಅಪೆಂಡಿಕ್ಸ್ ಇದ್ದರೆ ಬುಡ ಬಲಗಡೆಯೇ ಇದ್ದು, ಊದಿಕೊಂಡ ತುದಿ ಎಡಗಡೆ ನೋವು ಕೊಡಬಹುದು.

ನೋವು ಎರಡು ಹಂತದಲ್ಲಿ ಬರುತ್ತದೆ

ನನ್ನ ಮಟ್ಟಿಗೆ ಈ ಇಡೀ ವಿಷಯದ ಕೀಲಿ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಅಪೆಂಡಿಕ್ಸ್ ಬಾಯಿ ಕಟ್ಟಿಕೊಂಡು ಒಳಗೆ ಒತ್ತಡ ಏರಿದಾಗ ಮೊದಲು ಅದರದ್ದೇ ನರಗಳು ಸುದ್ದಿ ಕಳಿಸುತ್ತವೆ. ಆ ನರಗಳಿಗೆ ಜಾಗವನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಅವು ಬೆನ್ನುಹುರಿ ಸೇರುವುದು ಹೊಕ್ಕುಳ ಸುತ್ತಲಿನ ಚರ್ಮದ ನರಗಳು ಸೇರುವ ಮಟ್ಟದಲ್ಲೇ. ಹಾಗಾಗಿ ಮೆದುಳಿಗೆ ಹೊಕ್ಕುಳ ಸುತ್ತ ಮಂದವಾಗಿ ನೋಯುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ. ಆಮೇಲೆ ಊಟ ಬೇಡ ಅನಿಸುತ್ತದೆ, ವಾಕರಿಕೆ ಬರುತ್ತದೆ. ಇದು ಮೊದಲ ಹಂತ. ಅಪೆಂಡಿಕ್ಸ್ ಬಲಗಡೆ ಇರಲಿ, ಎಡಗಡೆ ಇರಲಿ, ಲಿವರ್ ಕೆಳಗಿರಲಿ, ಈ ಹಂತ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ.

ಕೆಲವು ಗಂಟೆಗಳ ನಂತರ ಊತ ಅಪೆಂಡಿಕ್ಸ್ ಗೋಡೆ ದಾಟಿ, ಹೊಟ್ಟೆಯ ಒಳಗೋಡೆಗೆ ಹೊದ್ದಿಸಿದ ತೆಳು ಪೊರೆಯನ್ನು ತಾಗುತ್ತದೆ. ಆ ಪೊರೆಯ ನರಗಳು ಬೇರೆ ಜಾತಿಯವು. ಅವು ಬೆರಳಿಟ್ಟು ತೋರಿಸಬಹುದಾದಷ್ಟು ಸ್ಪಷ್ಟವಾಗಿ ಜಾಗ ಹೇಳುತ್ತವೆ. ಆಗ ನೋವು ಚುಚ್ಚಿದಂತೆ ಒಂದು ಕಡೆ ನಿಲ್ಲುತ್ತದೆ. ಕೆಮ್ಮಿದರೆ, ನಡೆದರೆ, ಗಾಡಿ ಕುಲುಕಿದರೆ ಜಾಸ್ತಿಯಾಗುತ್ತದೆ. ಕರುಳಿನ ಜಾಗ ಬದಲಾದವರಲ್ಲಿ ವ್ಯತ್ಯಾಸ ಆಗುವುದು ಈ ಎರಡನೇ ಹಂತದಲ್ಲಿ ಮಾತ್ರ.

ಅಂದರೆ ನೋವಿನ ಜಾಗ ಮೋಸ ಮಾಡಬಹುದು, ನೋವಿನ ಕ್ರಮ ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ. 'ನಿನ್ನೆ ರಾತ್ರಿ ಹೊಕ್ಕುಳ ಹತ್ತಿರ ಶುರುವಾಯಿತು, ಆಮೇಲೆ ಊಟ ಸೇರಲಿಲ್ಲ, ಒಂದು ಸಲ ವಾಂತಿ ಆಯಿತು, ಬೆಳಗ್ಗೆ ಎಡಗಡೆ ಬಂದು ಕೂತಿದೆ' ಎಂದು ಯಾರಾದರೂ ಹೇಳಿದರೆ ಅದರಲ್ಲಿ ಎಡಗಡೆ ಅನ್ನುವ ಒಂದು ಪದ ಬಿಟ್ಟು ಉಳಿದದ್ದೆಲ್ಲ ಅಪೆಂಡಿಸೈಟಿಸ್ ಕಡೆಗೇ ಬೆರಳು ತೋರಿಸುತ್ತದೆ, ಅಲ್ವಾ?

ಕ್ರಮವೂ ಪ್ರತಿಸಲ ಹೀಗೇ ಇರುತ್ತದೆ ಅಂತಲ್ಲ. ಸೀಕಮ್ಮಿನ ಹಿಂದೆ ಅಡಗಿದ ಅಪೆಂಡಿಕ್ಸ್ ಮುಂದಿನ ಪೊರೆಯನ್ನು ಮುಟ್ಟುವುದೇ ಇಲ್ಲ. ಆಗ ಹೊಟ್ಟೆ ಒತ್ತಿದರೆ ಅಷ್ಟಾಗಿ ನೋಯುವುದಿಲ್ಲ, ಬೆನ್ನು ಅಥವಾ ಪಕ್ಕೆ ನೋಯುತ್ತದೆ, ತೊಡೆಯನ್ನು ಹಿಂದಕ್ಕೆ ಚಾಚಿದರೆ ಎಳೆದಂತಾಗುತ್ತದೆ. ಸೊಂಟದ ಗುಳಿಗೆ ಇಳಿದ ಅಪೆಂಡಿಕ್ಸ್ ಪಕ್ಕದ ಮೂತ್ರಕೋಶವನ್ನೋ ಗುದನಾಳವನ್ನೋ ಕೆರಳಿಸಿ, ಪದೇ ಪದೇ ಮೂತ್ರ, ಭೇದಿ ತರಿಸಿ ದಾರಿ ತಪ್ಪಿಸುತ್ತದೆ. ಲಿವರ್ ಕೆಳಗಿನದು ಪಿತ್ತಕೋಶದ ಊತದ ವೇಷ ಹಾಕುತ್ತದೆ. ಸೈಟಸ್ ಇನ್ವರ್ಸಸ್ ಇರುವ ಕೆಲವರಲ್ಲಂತೂ ಅಪೆಂಡಿಕ್ಸ್ ಎಡಗಡೆ ಇದ್ದರೂ ನೋವು ಬಲಗಡೆ ಕಾಣಿಸಿಕೊಂಡಿದೆ. ಅಂಗಗಳು ಕನ್ನಡಿಯಂತೆ ತಿರುಗಿದ್ದರೂ ನರಗಳ ಜೋಡಣೆ ತಿರುಗಿರದೆ ಇರಬಹುದು ಅನ್ನುವುದು ಇದಕ್ಕೆ ಕೊಡುವ ವಿವರಣೆ.

ಅಂಕಪಟ್ಟಿ ಎಲ್ಲಿ ಎಡವುತ್ತದೆ

ಅಪೆಂಡಿಸೈಟಿಸ್ ಇರುವ ಸಾಧ್ಯತೆ ಎಷ್ಟು ಎಂದು ಅಳೆಯಲು ವೈದ್ಯರು ಅಂಕ ಹಾಕುವ ಪದ್ಧತಿ ಬಳಸುತ್ತಾರೆ. 1986ರಲ್ಲಿ ಆಲ್ಫ್ರೆಡೊ ಅಲ್ವರಾಡೊ ರೂಪಿಸಿದ ಪಟ್ಟಿ ಇವುಗಳಲ್ಲಿ ಹೆಚ್ಚು ಪರಿಚಿತ. ಒಟ್ಟು 10 ಅಂಕ. ನೋವು ಬಲಗಡೆ ಕೆಳಕ್ಕೆ ಸರಿದರೆ 1, ಹಸಿವಿಲ್ಲದಿದ್ದರೆ 1, ವಾಕರಿಕೆ ಅಥವಾ ವಾಂತಿಗೆ 1, ಬಲಗಡೆ ಕೆಳಗೆ ಒತ್ತಿದಾಗ ನೋವಿಗೆ 2, ಒತ್ತಿ ಕೈ ತೆಗೆದಾಗ ನೋವಿಗೆ 1, ಜ್ವರಕ್ಕೆ 1, ಬಿಳಿ ರಕ್ತಕಣ ಹೆಚ್ಚಿದ್ದರೆ 2, ಅವುಗಳಲ್ಲಿ ನ್ಯೂಟ್ರೊಫಿಲ್ ಪಾಲು ಹೆಚ್ಚಿದ್ದರೆ 1.

ಈಗ ಒಂದು ಲೆಕ್ಕ ಹಾಕೋಣ. ಜ್ವರ ಒಂದು ಬಿಟ್ಟು ಉಳಿದ ಲಕ್ಷಣಗಳೆಲ್ಲ ಇರುವ ರೋಗಿಗೆ 9 ಅಂಕ ಸಿಗಬೇಕು. ಅಂದರೆ ಅಪೆಂಡಿಸೈಟಿಸ್ ಹೆಚ್ಚುಕಡಿಮೆ ಖಚಿತ. ಅದೇ ರೋಗಿಯ ಅಪೆಂಡಿಕ್ಸ್ ಎಡಗಡೆ ಇದೆ ಅಂದುಕೊಳ್ಳಿ. ಪಟ್ಟಿಯಲ್ಲಿ ಬರೆದಂತೆಯೇ ಅಂಕ ಹಾಕಿದರೆ ನೋವು ಸರಿದದ್ದಕ್ಕೆ 1 ಹೋಯಿತು, ಬಲಗಡೆ ಒತ್ತಿದಾಗಿನ ನೋವಿಗೆ 2 ಹೋಯಿತು. ಉಳಿದದ್ದು 6. ಕೈ ತೆಗೆದಾಗಿನ ನೋವನ್ನೂ ಬಲಗಡೆ ಮಾತ್ರ ನೋಡಿದರೆ 5. 'ಇರಬಹುದು, ಕಾದು ನೋಡೋಣ' ಅನ್ನುವ ಮಟ್ಟ ಇದು. ಒಳಗಿನ ಕಾಯಿಲೆ ಅಷ್ಟೇ ಇದೆ, ಕಾಗದದ ಮೇಲೆ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಪಟ್ಟಿಯದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಅದನ್ನು ಮಾಡಿದ್ದು ಸಾಮಾನ್ಯ ಒಳರಚನೆಯವರಿಗಾಗಿ. ಬೇರೆಯವರಿಗೆ ಹಾಕುವಾಗ ಜಾಗಕ್ಕೆ ಕಟ್ಟಿಬಿದ್ದ ಅಂಕಗಳನ್ನು ಪಕ್ಕಕ್ಕಿಟ್ಟು ಉಳಿದವನ್ನು ನೋಡಬೇಕು. ರಕ್ತ ಪರೀಕ್ಷೆಗೆ ಎಡ ಬಲ ಗೊತ್ತಿಲ್ಲ. ಬಿಳಿ ರಕ್ತಕಣ, ಸಿಆರ್‌ಪಿ (ಊತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್) ಎರಡೂ ಏರಿದ್ದರೆ ಎಲ್ಲೋ ಊತ ಇದೆ ಎಂದರ್ಥ. ಎಲ್ಲಿ ಅನ್ನುವುದನ್ನು ಮಾತ್ರ ಅವು ಹೇಳುವುದಿಲ್ಲ.

ಕಾಯಿಲೆ ಬರುವ ಮೊದಲೇ ಸಿಗುವ ಸುಳಿವುಗಳೂ ಇವೆ. ಹೃದಯದ ಬಡಿತ ಬಲಗಡೆ ಕೇಳುವುದು. ಎದೆಯ ಎಕ್ಸ್‌ರೇಯಲ್ಲಿ ಹೃದಯದ ತುದಿ, ಹೊಟ್ಟೆಯ ಗಾಳಿಗುಳ್ಳೆ ಎರಡೂ ಬಲಗಡೆ ಕಾಣುವುದು. ಇಂಥ ಎಕ್ಸ್‌ರೇ ಕಂಡಾಗ 'ಫಿಲ್ಮ್ ಉಲ್ಟಾ ಹಾಕಿದ್ದಾರೆ' ಎಂದು ತಿರುಗಿಸಿ ನೋಡುವ ಅಭ್ಯಾಸ ಅಪಾಯದ್ದು. ಮೊದಲು ಫಿಲ್ಮ್ ಮೇಲಿನ ಎಡ ಬಲ ಗುರುತು ನೋಡಬೇಕು. ಇಸಿಜಿಯಲ್ಲೂ ಹಾಗೆಯೇ. ತಂತಿ ಅದಲುಬದಲಾದರೂ, ಹೃದಯ ಬಲಗಡೆ ಇದ್ದರೂ ಮೊದಲ ಲೀಡ್, ಅಂದರೆ ಮೊದಲ ಗೆರೆ, ತಲೆಕೆಳಗಾಗಿ ಬರುತ್ತದೆ. ಚಿಕ್ಕಂದಿನಿಂದ ಸೈನಸ್, ಕಫ, ಶ್ವಾಸಕೋಶದ ಸೋಂಕಿನಿಂದ ನರಳುತ್ತಿರುವವರಲ್ಲೂ ಒಂದು ಅನುಮಾನ ಇರಲಿ. ಸೈಟಸ್ ಇನ್ವರ್ಸಸ್ ಇರುವ ಸುಮಾರು ನಾಲ್ಕು ಐದು ಜನರಲ್ಲಿ ಒಬ್ಬರಿಗೆ ಉಸಿರಿನ ದಾರಿಯ ಸೂಕ್ಷ್ಮ ರೋಮಗಳು ಸರಿಯಾಗಿ ಆಡದ ತೊಂದರೆಯೂ ಇರುತ್ತದೆ. ಕರುಳು ಹೊಕ್ಕುಳ ಬಳಿ ಹೊರಚಾಚಿಯೋ, ಎದೆ ಮತ್ತು ಹೊಟ್ಟೆಯ ನಡುವಿನ ವಪೆಯಲ್ಲಿ ರಂಧ್ರ ಇದ್ದೋ ಹುಟ್ಟಿ, ಎಳವೆಯಲ್ಲೇ ಆಪರೇಶನ್ ಆದವರ ಕರುಳೂ ಸಾಮಾನ್ಯವಾಗಿ ಪೂರ್ತಿ ತಿರುಗಿರುವುದಿಲ್ಲ. ದೊಡ್ಡವರಾದ ಮೇಲೆ ಆ ಆಪರೇಶನ್ ವಿಷಯ ಹೇಳಲು ಮರೆಯುತ್ತಾರೆ, ಗಾಯದ ಗುರುತು ಮಾತ್ರ ಉಳಿದಿರುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಏನು ನೋಡುತ್ತಾರೆ

ಅಲ್ಟ್ರಾಸೌಂಡ್ ಸುಲಭ, ವಿಕಿರಣ ಇಲ್ಲ. ಮೆಲ್ಲಗೆ ಒತ್ತುತ್ತಾ ಅಪೆಂಡಿಕ್ಸ್ ಹುಡುಕುವ ವಿಧಾನವನ್ನು 1986ರಲ್ಲಿ ನೆದರ್ಲೆಂಡ್ಸ್‌ನ ಪ್ಯೂಲಾರ್ಟ್ ವಿವರಿಸಿದರು. ಊದಿದ ಅಪೆಂಡಿಕ್ಸ್ ಒತ್ತಿದರೂ ಚಪ್ಪಟೆಯಾಗುವುದಿಲ್ಲ. ಆದರೆ ಕರುಳಿನ ಜಾಗ ಬದಲಾದವರಲ್ಲಿ ಬಲಗಡೆ ಮಾತ್ರ ನೋಡಿ 'ಅಪೆಂಡಿಕ್ಸ್ ಕಾಣಲಿಲ್ಲ' ಎಂದು ಬರೆದರೆ ಆ ವರದಿಯಿಂದ ಏನೂ ಪ್ರಯೋಜನವಿಲ್ಲ. ಕಾಣಲಿಲ್ಲ ಅನ್ನುವುದಕ್ಕೂ ಕಾಯಿಲೆ ಇಲ್ಲ ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಯಾವ ಕಡೆ ನೋಯುತ್ತದೋ ಆ ಕಡೆಯೂ ಪ್ರೋಬ್ ಇಟ್ಟು ನೋಡಲು ಕೇಳುವುದರಲ್ಲಿ ತಪ್ಪೇನಿಲ್ಲ.

ದೊಡ್ಡವರಲ್ಲಿ ಗೊಂದಲ ಬಗೆಹರಿಸುವುದು ಸಾಮಾನ್ಯವಾಗಿ ಸಿಟಿ ಸ್ಕ್ಯಾನ್. ಗರ್ಭಿಣಿಯರಿಗೆ ಅಲ್ಟ್ರಾಸೌಂಡ್, ಅದರಲ್ಲಿ ಗೊತ್ತಾಗದಿದ್ದರೆ ಎಂಆರ್‌ಐ. ಸಿಟಿಯಲ್ಲಿ ಅನುಭವಿ ರೇಡಿಯಾಲಜಿಸ್ಟ್ ಬಲಗಡೆ ಕೆಳಗೆ ನೇರವಾಗಿ ಅಪೆಂಡಿಕ್ಸ್ ಹುಡುಕಲು ಹೋಗುವುದಿಲ್ಲ. ವಿಳಾಸ ತಪ್ಪಾಗಿದ್ದಾಗ ರಸ್ತೆ ಹಿಡಿದು ಮನೆ ಹುಡುಕಿದ ಹಾಗೆ, ಗುದನಾಳದಿಂದ ಶುರುಮಾಡಿ ದೊಡ್ಡ ಕರುಳನ್ನು ಹಿಂದಕ್ಕೆ ಹಿಂದಕ್ಕೆ ಹಿಂಬಾಲಿಸುತ್ತಾರೆ. ಅದು ಎಲ್ಲಿ ಕೊನೆಯಾಗುತ್ತದೋ ಅಲ್ಲಿ ಸೀಕಮ್. ಸಣ್ಣ ಕರುಳು ಅಲ್ಲಿ ಬಂದು ಸೇರುವುದು ಕಂಡರೆ ಜಾಗ ಖಚಿತ. ಅಲ್ಲಿಂದ ಹೊರಟ, ಇನ್ನೊಂದು ತುದಿ ಮುಚ್ಚಿದ ಸಣ್ಣ ಕೊಳವೆಯೇ ಅಪೆಂಡಿಕ್ಸ್. ಅದು 6 ಮಿಲಿಮೀಟರ್‌ಗಿಂತ ದಪ್ಪವಾಗಿ, ಗೋಡೆ ಊದಿ, ಸುತ್ತಲಿನ ಕೊಬ್ಬು ಮಸುಕಾಗಿದ್ದರೆ ಅಪೆಂಡಿಸೈಟಿಸ್ ಎಂದು ಹೇಳಲು ಗಟ್ಟಿ ಆಧಾರ ಸಿಕ್ಕಿತು. ದಪ್ಪ ಒಂದನ್ನೇ ನಂಬುವಂತಿಲ್ಲ, ಆರೋಗ್ಯವಂತರಲ್ಲೂ ಅದು 6 ದಾಟಬಹುದು.

ಅದೇ ಸ್ಕ್ಯಾನ್‌ನಲ್ಲಿ ಕರುಳು ಸರಿಯಾಗಿ ತಿರುಗಿದೆಯೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ. ಸಾಮಾನ್ಯವಾಗಿ ಕರುಳಿನ ದೊಡ್ಡ ಅಭಿಧಮನಿ ಅದರ ಜೊತೆಗಿನ ಅಪಧಮನಿಯ ಬಲಗಡೆ ಇರುತ್ತದೆ. ಮಾಲ್‌ರೊಟೇಶನ್‌ನಲ್ಲಿ ಇದು ಹೆಚ್ಚಾಗಿ ಅದಲುಬದಲಾಗಿರುತ್ತದೆ. ಸಣ್ಣ ಕರುಳಿನ ಮೊದಲ ಭಾಗ ನಡುಗೆರೆ ದಾಟಿ ಎಡಕ್ಕೆ ಹೋಗದೆ ಬಲಗಡೆಯೇ ಉಳಿದಿರುತ್ತದೆ.

ಎಡಗಡೆ ನೋವಿಗೆ ಬೇರೆ ಕಾರಣಗಳೂ ಬೇಕಾದಷ್ಟಿವೆ: ದೊಡ್ಡ ಕರುಳಿನ ಸಣ್ಣ ಚೀಲಗಳ ಊತ, ಮೂತ್ರನಾಳದ ಕಲ್ಲು, ಅಂಡಾಶಯ ತಿರುಚಿಕೊಳ್ಳುವುದು, ಗರ್ಭಕೋಶದ ಹೊರಗಿನ ಗರ್ಭ. ಇವುಗಳ ಸಾಧ್ಯತೆ ಎಡಗಡೆ ಅಪೆಂಡಿಕ್ಸ್‌ಗಿಂತ ತುಂಬಾ ಜಾಸ್ತಿ. ಹಾಗಾಗಿ ಮೊದಲು ಇವನ್ನು ಯೋಚಿಸುವ ವೈದ್ಯರು ಸರಿಯಾಗಿಯೇ ಯೋಚಿಸುತ್ತಿದ್ದಾರೆ.

ಮಾಲ್‌ರೊಟೇಶನ್ ಇರುವವರಲ್ಲಿ ಮಾತ್ರ ಒಂದು ಸಾಧ್ಯತೆಯನ್ನು ಎಲ್ಲಕ್ಕಿಂತ ಮೊದಲು ತಳ್ಳಿಹಾಕಬೇಕು. ಅವರ ಕರುಳು ಹಿಂಗೋಡೆಗೆ ಅಗಲವಾಗಿ ಅಂಟಿರದೆ ಕಿರಿದಾದ ಬುಡದ ಮೇಲೆ ನೇತಾಡುತ್ತಿರುತ್ತದೆ. ಅದು ತನ್ನ ರಕ್ತನಾಳದ ಸುತ್ತಲೇ ತಿರುಚಿಕೊಂಡರೆ ಕರುಳಿಗೆ ರಕ್ತ ನಿಂತುಹೋಗುತ್ತದೆ. ಇದಕ್ಕೆ ವಾಲ್ವುಲಸ್ ಅನ್ನುತ್ತಾರೆ. ಥಟ್ಟನೆ ಶುರುವಾಗುವ ಭಯಂಕರ ನೋವು, ಹಸಿರು ಬಣ್ಣದ ಪಿತ್ತದ ವಾಂತಿ, ಹೊಟ್ಟೆ ಉಬ್ಬರ ಇದರ ಲಕ್ಷಣ. ಹೊಟ್ಟೆ ಒತ್ತಿದಾಗ ಮೆತ್ತಗಿದ್ದರೂ ರೋಗಿ ನೋವಿನಿಂದ ಒದ್ದಾಡುತ್ತಿರುತ್ತಾರೆ. ಸಿಟಿಯಲ್ಲಿ ರಕ್ತನಾಳಗಳು ಸುಳಿಯಂತೆ ಸುತ್ತಿಕೊಂಡಿರುವುದು ಕಾಣುತ್ತದೆ. ಇದರಲ್ಲಿ ಗಂಟೆಗಳ ಲೆಕ್ಕವೂ ದೊಡ್ಡದು. ತಕ್ಷಣ ಆಪರೇಶನ್ ಆಗಬೇಕು.

ಆಪರೇಶನ್, ಆಮೇಲಿನ ಕಾಗದ

ಅಪೆಂಡಿಸೈಟಿಸ್ ಖಚಿತವಾದ ಮೇಲೆ ಚಿಕಿತ್ಸೆ ಎಲ್ಲರಿಗೂ ಇರುವಂಥದ್ದೇ. ಕೆಲವರಿಗೆ ಆಂಟಿಬಯಾಟಿಕ್ ಮಾತ್ರ ಕೊಟ್ಟು ನೋಡುವ ದಾರಿಯೂ ಇದೆ. 2020ರಲ್ಲಿ ಪ್ರಕಟವಾದ ಕೋಡಾ ಅಧ್ಯಯನದಲ್ಲಿ ಹಾಗೆ ಶುರುಮಾಡಿದ ಪ್ರತಿ 10 ಜನರಲ್ಲಿ ಸುಮಾರು 3 ಜನರಿಗೆ 90 ದಿನದೊಳಗೆ ಆಪರೇಶನ್ ಬೇಕಾಯಿತು. ಒಳರಚನೆಯೇ ಗೊಂದಲವಾಗಿದ್ದಾಗ ನನಗೆ ಲ್ಯಾಪ್ರೊಸ್ಕೋಪಿ ಮೇಲೆ ಒಲವು ಜಾಸ್ತಿ. ಹೊಕ್ಕುಳ ಹತ್ತಿರ ಕ್ಯಾಮೆರಾ ಇಳಿಸಿದರೆ ಹೊಟ್ಟೆಯ ನಾಲ್ಕೂ ಮೂಲೆ ಕಾಣುತ್ತದೆ. ಬಲಗಡೆ ಕೊಯ್ದು ನೋಡಿ, ಅಲ್ಲಿ ಸೀಕಮ್ಮೇ ಇಲ್ಲ ಎಂದು ಗೊತ್ತಾಗುವ ಫಜೀತಿ ತಪ್ಪುತ್ತದೆ. ಮೊದಲೇ ಸಿಟಿ ಆಗಿದ್ದರೆ ಉಪಕರಣ ಎಲ್ಲಿಂದ ತೂರಿಸಬೇಕು ಎಂದು ಸರ್ಜನ್ ಮೊದಲೇ ಯೋಜನೆ ಹಾಕಬಹುದು. ಸೈಟಸ್ ಇನ್ವರ್ಸಸ್ ಇದ್ದರೆ ಎಲ್ಲವನ್ನೂ ತಿರುವುಮುರುವಾಗಿ ಇಟ್ಟುಕೊಳ್ಳಬೇಕಾಗುತ್ತದೆ.

ಮಾಲ್‌ರೊಟೇಶನ್‌ಗೆ ಮಾಡುವ ಆಪರೇಶನ್‌ಗೆ ಲ್ಯಾಡ್ ಆಪರೇಶನ್ ಅನ್ನುತ್ತಾರೆ. ವಿಲಿಯಂ ಲ್ಯಾಡ್ 1936ರಲ್ಲಿ ಇದನ್ನು ವಿವರಿಸಿದರು. ಇದರಲ್ಲಿ ಕರುಳನ್ನು ಮಾಮೂಲಿ ಜಾಗಕ್ಕೆ ತರುವುದಿಲ್ಲ. ಕರುಳಿಗೆ ಅಡ್ಡಗಟ್ಟಿದ ಪೊರೆಯ ಪಟ್ಟಿಗಳನ್ನು ಕತ್ತರಿಸಿ, ಕರುಳಿನ ಬುಡ ಅಗಲ ಮಾಡಿ, ಸಣ್ಣ ಕರುಳನ್ನು ಬಲಕ್ಕೂ ದೊಡ್ಡ ಕರುಳನ್ನು ಎಡಕ್ಕೂ ಇಡುತ್ತಾರೆ. ಅದರ ಜೊತೆಗೆ ಅಪೆಂಡಿಕ್ಸನ್ನೂ ತೆಗೆಯುವುದು ವಾಡಿಕೆ. ಮುಂದೆ ಎಡಗಡೆ ಅಪೆಂಡಿಸೈಟಿಸ್ ಆಗಿ ಗೊಂದಲ ಆಗದಿರಲಿ ಎಂಬುದೇ ಕಾರಣ. ಆದರೆ ಕೆಲವು ಸರ್ಜನ್‌ಗಳು ಅದನ್ನು ಹಾಗೇ ಬಿಡುತ್ತಾರೆ. ಮುಂದೆ ಮೂತ್ರಕೋಶ ಅಥವಾ ದೊಡ್ಡ ಕರುಳಿಗೆ ಹೊರಗಿನಿಂದ ದಾರಿ ಮಾಡಬೇಕಾಗಿ ಬಂದರೆ ಆ ಕೊಳವೆ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಚಿಕ್ಕಂದಿನಲ್ಲಿ ಲ್ಯಾಡ್ ಆಪರೇಶನ್ ಆಗಿದೆ ಅಂದ ಮಾತ್ರಕ್ಕೆ ಅಪೆಂಡಿಕ್ಸ್ ಇಲ್ಲ ಎಂದುಕೊಳ್ಳುವಂತಿಲ್ಲ. ಅಪೆಂಡಿಕ್ಸ್ ತೆಗೆದವರಲ್ಲೂ ಬುಡದ ತುಂಡು ಉದ್ದವಾಗಿ ಉಳಿದಿದ್ದರೆ ಅಪರೂಪಕ್ಕೆ ಆ ತುಂಡೇ ಊದಿಕೊಳ್ಳುತ್ತದೆ.

ಅಪೆಂಡಿಕ್ಸ್ ಆಪರೇಶನ್ ಹೊತ್ತಲ್ಲಿ ಮಾಲ್‌ರೊಟೇಶನ್ ಆಕಸ್ಮಿಕವಾಗಿ ಕಂಡುಬಂದರೆ, ಏನೂ ತೊಂದರೆ ಕೊಡದ ಅದನ್ನು ಸರಿಪಡಿಸಬೇಕೇ ಬೇಡವೇ ಅನ್ನುವುದರಲ್ಲಿ ಸರ್ಜನ್‌ಗಳಲ್ಲೇ ಒಮ್ಮತ ಇಲ್ಲ. ವಯಸ್ಸು, ಕರುಳಿನ ಬುಡ ಎಷ್ಟು ಕಿರಿದಾಗಿದೆ, ಹಿಂದೆ ಪದೇ ಪದೇ ಹೊಟ್ಟೆನೋವು ಬಂದಿತ್ತೇ ಎಂದು ನೋಡಿ ತೀರ್ಮಾನ ಮಾಡುತ್ತಾರೆ. ಯಾವ ತೀರ್ಮಾನವೇ ಆಗಲಿ, ಡಿಸ್ಚಾರ್ಜ್ ಕಾಗದದಲ್ಲಿ 'ಅಪೆಂಡಿಕ್ಸ್ ತೆಗೆಯಲಾಗಿದೆ' ಅಂತ ಒಂದೇ ಸಾಲು ಇದ್ದರೆ ಸಾಲದು. ಸೀಕಮ್ ಯಾವ ಕಡೆ ಇತ್ತು, ಕರುಳು ಎಷ್ಟು ತಿರುಗಿದೆ, ಪಟ್ಟಿಗಳನ್ನು ಕತ್ತರಿಸಿದ್ದಾರೋ ಇಲ್ಲವೋ, ಹೃದಯ ಮತ್ತು ಲಿವರ್ ಯಾವ ಕಡೆ ಇವೆ, ಇಷ್ಟನ್ನೂ ಬರೆಸಿಕೊಳ್ಳಬೇಕು. ಆ ಕಾಗದದ ಒಂದು ಫೋಟೋ ಫೋನ್‌ನಲ್ಲಿರಲಿ, ಮನೆಯವರ ಹತ್ತಿರ ಇನ್ನೊಂದು ಪ್ರತಿ ಇರಲಿ.